ಸರದಿ ಬಿಟ್ಟುಕೊಡುವವರು

ಡ್ರಾಫ್ಟ್ ಎಂದರೆ, ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತು ವರ್ಷ ಕುಳಿತು ನಿವೃತ್ತನಾದ ನನ್ನಂಥವನಿಗೆ, ಡಿಮಾಂಡ್ ಡ್ರಾಫ್ಟೇ. ಎರಡು ಸಹಿ, ಒಂದು ಮೊಹರು, ಮೇಲೊಂದಿಷ್ಟು ಕಮಿಷನ್. ಅಮೆರಿಕದವರ ಡ್ರಾಫ್ಟು ಬೇರೆ. ಕಾಲೇಜಿನಲ್ಲಿ ಆಡಿ ಹೊರಬಂದ ಹುಡುಗರನ್ನು ಅಲ್ಲಿನ ವೃತ್ತಿಪರ ಫುಟ್‌ಬಾಲ್ ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವ ವಾರ್ಷಿಕ ಕಲಾಪಕ್ಕೆ ಆ ಹೆಸರು. ನಮ್ಮ ಐಪಿಎಲ್‌ನಲ್ಲಿ 2008ರಿಂದ ನಡೆದುಬಂದಿರುವುದು ಹರಾಜು. ಹೆಚ್ಚು ಕೂಗಿದವನಿಗೆ ಆಟಗಾರ. ಅಲ್ಲಿ ಕೂಗುವಂತಿಲ್ಲ. ಹೋದ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರು ಮೊದಲು ಆರಿಸುತ್ತಾರೆ, ಕಪ್ ಗೆದ್ದವರು ಕೊನೆಯಲ್ಲಿ. ಸೋತವನಿಗೆ ಪಂಕ್ತಿಯ ಮೊದಲ ಎಲೆ! ಬಂಡವಾಳಶಾಹಿಗಳ ದೇಶದಲ್ಲಿ ಇಷ್ಟು ಸಮಾಜವಾದ ಎಲ್ಲಿಂದ ಬಂತು ಎಂದು ನನಗೆ ಮೊದಲು ಆಶ್ಚರ್ಯವಾಗಿತ್ತು.

ಆದರೆ ಆ ಎಲೆಯ ಮುಂದೆ ಕುಳಿತವನಿಗೆ ಒಂದು ಪ್ರಶ್ನೆ ಏಳುತ್ತದೆ. ಈ ಎಲೆಯಲ್ಲಿ ತಾನೇ ಊಟ ಮಾಡಬೇಕೋ, ಅಥವಾ ಅವಸರದಲ್ಲಿರುವ ಇನ್ನೊಬ್ಬನಿಗೆ ಅದನ್ನು ಬಿಟ್ಟುಕೊಟ್ಟು ಹಿಂದಿನ ಪಂಕ್ತಿಯಲ್ಲಿ ಎರಡು ಮೂರು ಎಲೆ ಗಿಟ್ಟಿಸಿಕೊಳ್ಳಬೇಕೋ? ಹೀಗೆ ಸರದಿ ಬಿಟ್ಟು ಹಿಂದೆ ಸರಿಯುವುದಕ್ಕೆ ಅವರು ಟ್ರೇಡ್ ಡೌನ್ ಎನ್ನುತ್ತಾರೆ. ಕೇಳಿದರೆ ಪುಟ್ಟ ಪ್ರಶ್ನೆ. ಇದರ ಮೇಲೆ ಊರಿಗೂರೇ ವರ್ಷಗಟ್ಟಲೆ ಅತ್ತದ್ದುಂಟು, ದೊಡ್ಡ ದೊಡ್ಡ ತರಬೇತುದಾರರು ಮನೆಗೆ ಹೋದದ್ದುಂಟು, ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞರೊಬ್ಬರು ತಲೆ ಕೆಡಿಸಿಕೊಂಡದ್ದೂ ಉಂಟು.

ಇಲ್ಲಿ ಫುಟ್‌ಬಾಲ್ ಎಂದರೆ ನಾವು ಶಾಲೆಯ ಮೈದಾನದಲ್ಲಿ ಒದ್ದು ಆಡಿದ್ದಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡ ಬಂದವರನ್ನು ಕೆಡವುವ ಆಟ. ಒಂದು ಕಡೆಗೆ ಹನ್ನೊಂದು ಜನ. ಅವರಲ್ಲಿ ಕ್ವಾರ್ಟರ್‌ಬ್ಯಾಕ್ ಎನ್ನುವವನೊಬ್ಬ ಇರುತ್ತಾನೆ. ದಾಳಿಯ ಪ್ರತಿ ಸಲವೂ ಚೆಂಡು ಮೊದಲು ಬರುವುದು ಹೆಚ್ಚುಕಡಿಮೆ ಅವನ ಕೈಗೇ. ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು ಎಂದು ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನಿಸುವವನು ಅವನು. ಓದುಗರು ಇವನೊಬ್ಬನನ್ನು ನೆನಪಿಟ್ಟುಕೊಂಡರೆ ಸಾಕು, ಮುಂದಿನ ಗಲಾಟೆಯಲ್ಲಿ ಮುಕ್ಕಾಲು ಪಾಲು ಇವನದೇ.

ಈ ಪದ್ಧತಿಯನ್ನು ಹುಟ್ಟುಹಾಕಿದವನು ಬರ್ಟ್ ಬೆಲ್, ಫಿಲಡೆಲ್ಫಿಯಾ ಈಗಲ್ಸ್ ತಂಡದ ಒಡೆಯ. 1935ರಲ್ಲಿ ಅವನ ತಂಡ ಹನ್ನೊಂದು ಪಂದ್ಯ ಆಡಿ ಗೆದ್ದದ್ದು ಎರಡೇ. ಒಳ್ಳೆಯ ಆಟಗಾರರೆಲ್ಲ ಚಿಕಾಗೊ, ನ್ಯೂಯಾರ್ಕ್‌ನಂಥ ಸಿರಿವಂತ ತಂಡಗಳ ಕಡೆಗೆ ಹೋಗುತ್ತಿದ್ದರು. ಸರಪಳಿಯ ಗಟ್ಟಿತನ ಅದರ ಅತಿ ಸಡಿಲ ಕೊಂಡಿಯಷ್ಟೇ ಎಂಬ ವಾದ ಹೂಡಿ ಬೆಲ್ ಉಳಿದ ಒಡೆಯರನ್ನು ಒಪ್ಪಿಸಿದ. ಕನಿಷ್ಠ ಅಂಕದ ತಂಡವೇ ಮೊದಲು ಆರಿಸಲಿ ಎಂದ. ಕನಿಷ್ಠ ಅಂಕದ ತಂಡ ಅವನದೇ ಆಗಿತ್ತು ಎನ್ನುವುದು ಬೇರೆ ಮಾತು. 1936ರ ಫೆಬ್ರವರಿ 8ರಂದು ಫಿಲಡೆಲ್ಫಿಯಾದ ರಿಟ್ಜ್ ಕಾರ್ಲ್‌ಟನ್ ಹೋಟೆಲಿನಲ್ಲಿ ಒಂಬತ್ತು ತಂಡದವರು ಕೂಡಿ ಒಂಬತ್ತು ಸುತ್ತಿನಲ್ಲಿ 81 ಹುಡುಗರ ಹೆಸರು ಆರಿಸಿದರು. ಹುಡುಗರನ್ನು ಯಾರೂ ಕೇಳಲಿಲ್ಲ. ಒಬ್ಬ ಆಟಗಾರನೊಡನೆ ಒಂದೇ ತಂಡ ಮಾತಾಡಬಹುದು ಎಂದಾದ ಮೇಲೆ ಸಂಬಳದ ಪೈಪೋಟಿಯೂ ತಣ್ಣಗಾಯಿತು. ಸಮಾಜವಾದದ ಗುಟ್ಟು ನನಗೆ ತಿಳಿದದ್ದು ಇಲ್ಲಿಗೆ ಬಂದಾಗ.

ಮೊಟ್ಟಮೊದಲ ಸರದಿಯಲ್ಲಿ ಬೆಲ್ ಆರಿಸಿದ್ದು ಚಿಕಾಗೊ ವಿಶ್ವವಿದ್ಯಾಲಯದ ಜೇ ಬರ್ವಾಂಗರ್‌ನನ್ನು. ಹೈಸ್‌ಮನ್ ಎಂದು ಈಗ ಕರೆಯುವ, ಕಾಲೇಜು ಆಟದ ಅತಿ ದೊಡ್ಡ ಪ್ರಶಸ್ತಿಯನ್ನು ಮೊದಲು ಪಡೆದವನು ಅವನೇ. ಅವನು ಕೇಳುವ ಸಂಬಳ ತನ್ನ ಕೈಗೆ ಎಟುಕದೆಂದು ಬೆಲ್ ಆ ಹಕ್ಕನ್ನು ಚಿಕಾಗೊ ಬೇರ್ಸ್ ತಂಡಕ್ಕೆ ಸಾಗಹಾಕಿ ಬದಲಿಗೆ ಇನ್ನೊಬ್ಬ ಆಟಗಾರನನ್ನು ಪಡೆದ. ಅಂದರೆ ಮೊದಲ ಡ್ರಾಫ್ಟಿನ ಮೊದಲ ಆಯ್ಕೆಯೇ ವ್ಯಾಪಾರವಾಯಿತು! ಬೇರ್ಸ್‌ಗೂ ಅವನು ಒಲಿಯಲಿಲ್ಲ. ಒಂದು ದಿನವೂ ವೃತ್ತಿಪರ ಫುಟ್‌ಬಾಲ್ ಆಡದೆ ಫೋಮ್ ರಬ್ಬರ್ ಮಾರುವ ಕೆಲಸಕ್ಕೆ ಸೇರಿ ಸುಖವಾಗಿ ಬಾಳಿದ. ಆ ಪ್ರಶಸ್ತಿಯ ವಿಗ್ರಹವನ್ನು ಅವನ ಚಿಕ್ಕಮ್ಮ ಬಾಗಿಲು ಬಡಿದುಕೊಳ್ಳದಂತೆ ತಡೆಯಲು ಇಟ್ಟಿದ್ದಳಂತೆ. ಬೆಲ್ ಮುಂದೆ ಇಡೀ ಲೀಗಿನ ಕಮಿಷನರ್ ಆದ. 1959ರ ಅಕ್ಟೋಬರಿನಲ್ಲಿ ತಾನೇ ಕಟ್ಟಿದ ಈಗಲ್ಸ್ ಆಡುತ್ತಿದ್ದ ಪಂದ್ಯ ನೋಡುತ್ತಾ ಕುಳಿತಲ್ಲೇ ಹೃದಯಾಘಾತವಾಗಿ ತೀರಿಕೊಂಡ.

ಮೇಲೇರುವುದನ್ನೂ ಕೆಳಗಿಳಿಯುವುದನ್ನೂ ಒಬ್ಬನೇ ಮನುಷ್ಯ ಬೆನ್ನುಬೆನ್ನಿಗೆ ಮಾಡಿ ಎರಡರಲ್ಲೂ ಗೆದ್ದ ಕಥೆ ಸ್ಯಾನ್ ಫ್ರಾನ್ಸಿಸ್ಕೊದ ಬಿಲ್ ವಾಲ್ಷ್‌ನದು. ನನಗೆ ಈ ಇಡೀ ಚರಿತ್ರೆಯಲ್ಲಿ ಇಷ್ಟವಾದ ಮನುಷ್ಯನೂ ಅವನೇ. 1985ರಲ್ಲಿ ಅವನ 49ಅರ್ಸ್ ತಂಡ ಆಗತಾನೇ ಸೂಪರ್ ಬೌಲ್ ಗೆದ್ದಿತ್ತು. ಆದ್ದರಿಂದ ಸರದಿಯಲ್ಲಿ ಕೊನೆಯದು, 28ನೆಯದು. ಮಿಸಿಸಿಪ್ಪಿಯ ಒಂದು ಸಣ್ಣ ಕಾಲೇಜಿನಲ್ಲಿ ಜೆರ್ರಿ ರೈಸ್ ಎಂಬ ಹುಡುಗ ಆಡುತ್ತಿದ್ದ. ಗಾರೆ ಕೆಲಸದ ತಂದೆಯ ಜೊತೆ ದುಡಿದು, ಕೆಳಗಿನಿಂದ ಎಸೆದ ಇಟ್ಟಿಗೆ ಹಿಡಿದು ಹಿಡಿದು ಪಳಗಿದ ಕೈ. ವಾಲ್ಷ್ ತನ್ನ ಮೊದಲೆರಡು ಸುತ್ತಿನ ಸರದಿಗಳನ್ನು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಕೊಟ್ಟು, ಮೂರನೆಯದರಲ್ಲಿ ಅದಲುಬದಲು ಮಾಡಿಕೊಂಡು, 16ನೆಯ ಜಾಗಕ್ಕೆ ಏರಿ ರೈಸ್‌ನನ್ನು ಹಿಡಿದ. ಚೆಂಡು ಹಿಡಿಯುವವರ ದಾಖಲೆಗಳಲ್ಲಿ ದೊಡ್ಡವೆಲ್ಲ ಈಗಲೂ ರೈಸ್ ಹೆಸರಿನಲ್ಲೇ ಇವೆ. ಹಿಂದೆ ಸರಿದ ಪೇಟ್ರಿಯಟ್ಸ್ ಏನೂ ಮುಳುಗಲಿಲ್ಲ. ಅದೇ ವರ್ಷ ಅವರು ಸೂಪರ್ ಬೌಲ್‌ವರೆಗೆ ಹೋಗಿ ಅಲ್ಲಿ ಚೆನ್ನಾಗಿ ಪೆಟ್ಟು ತಿಂದರು.

ಮರುವರ್ಷ, 1986ರಲ್ಲಿ, ಇದೇ ವಾಲ್ಷ್ ಇಳಿಯುತ್ತಾ ಇಳಿಯುತ್ತಾ ಮೊದಲ ಸುತ್ತಿನಿಂದಲೇ ಹೊರಗೆ ಬಂದುಬಿಟ್ಟ. ಅವನ ಮೊದಲ ಆಯ್ಕೆ ಬಂದದ್ದು 39ರಲ್ಲಿ. ಪ್ರತಿ ಮೆಟ್ಟಿಲು ಇಳಿಯುವಾಗಲೂ ಏನಾದರೊಂದು ಕೈಗೆ ತೆಗೆದುಕೊಂಡ. ಅಂತೂ ಆ ಒಂದೇ ಡ್ರಾಫ್ಟಿನಿಂದ ತಂಡದಲ್ಲಿ ಕಾಯಂ ಆಗಿ ಆಡಿದ ಎಂಟು ಜನ ಸಿಕ್ಕಿದರು. ನಾಲ್ಕನೆಯ ಸುತ್ತಿನ ಚಾರ್ಲ್ಸ್ ಹೇಲಿ ಮುಂದೆ ಎರಡು ತಂಡಗಳಲ್ಲಿ ಆಡಿ ಒಟ್ಟು ಐದು ಸೂಪರ್ ಬೌಲ್ ಗೆದ್ದ. ಮೂರನೆಯ ಸುತ್ತಿನ ಜಾನ್ ಟೇಲರ್ 1989ರ ಜನವರಿಯ ಸೂಪರ್ ಬೌಲ್‌ನಲ್ಲಿ, ಇನ್ನು 34 ಸೆಕೆಂಡ್ ಉಳಿದಿರುವಾಗ ಗೆಲುವಿನ ಚೆಂಡು ಹಿಡಿದ. ಒಂದು ವರ್ಷ ಒಬ್ಬನಿಗಾಗಿ ಇಬ್ಬರ ಜಾಗ ಕೊಟ್ಟವನು ಇನ್ನೊಂದು ವರ್ಷ ಒಂದರ ಜಾಗಕ್ಕೆ ನಾಲ್ಕಾರು ಜನರನ್ನು ತಂದ. ತತ್ವ ಬದಲಾಯಿಸಿದನೇ ಎಂದರೆ ಇಲ್ಲ. ಆ ವರ್ಷದ ಬೆಳೆ ನೋಡಿದ, ಅಷ್ಟೆ. ಒಂದು ವರ್ಷ ಒಂದೇ ಮರದಲ್ಲಿ ಒಂದು ಅಪರೂಪದ ಹಣ್ಣು. ಇನ್ನೊಂದು ವರ್ಷ ತೋಪಿನ ತುಂಬ ಒಳ್ಳೆಯ ಹಣ್ಣು, ಯಾವುದು ಕಿತ್ತರೂ ಆದೀತು.

ಡಲ್ಲಾಸ್‌ನ ಕಥೆಯನ್ನು ಅಮೆರಿಕದವರು ಇನ್ನೂ ಹೇಳಿ ದಣಿದಿಲ್ಲ. 1989ರಲ್ಲಿ ಆ ತಂಡದ ಸ್ಥಿತಿ ಎಷ್ಟು ಹದಗೆಟ್ಟಿತ್ತೆಂದರೆ, ಹದಿನಾರು ಪಂದ್ಯಗಳಲ್ಲಿ ಒಂದೇ ಗೆಲುವು. ಇದ್ದವನೊಬ್ಬ ಒಳ್ಳೆಯ ಓಟಗಾರ, ಹರ್ಷಲ್ ವಾಕರ್. ಹೊಸ ತರಬೇತುದಾರ ಜಿಮ್ಮಿ ಜಾನ್ಸನ್ ಅಕ್ಟೋಬರ್ 12ರಂದು ಅವನನ್ನೇ ಮಿನ್ನೆಸೋಟ ವೈಕಿಂಗ್ಸ್‌ಗೆ ಮಾರಿದ. ಬದಲಿಗೆ ಬಂದದ್ದು ಐವರು ಆಟಗಾರರು, ಜೊತೆಗೆ ಷರತ್ತಿನ ಮೇಲೆ ಮುಂದಿನ ವರ್ಷಗಳ ಡ್ರಾಫ್ಟ್ ಸರದಿಗಳು. ಆಟಗಾರನನ್ನು ಕೈಬಿಟ್ಟರೆ ಅವನ ಬದಲು ಒಂದು ಸರದಿ ಎಂಬುದು ಷರತ್ತು. ವೈಕಿಂಗ್ಸ್‌ನವರು ತಾವು ಆಟಗಾರರನ್ನು ಕೊಟ್ಟೆವೆಂದುಕೊಂಡಿದ್ದರು; ಜಾನ್ಸನ್‌ನ ಕಣ್ಣಿದ್ದದ್ದು ಸರದಿಗಳ ಮೇಲೆ. ಕೊನೆಗೆ ಮೂರು ಮೊದಲ ಸುತ್ತು, ಮೂರು ಎರಡನೆಯ ಸುತ್ತು, ಮೇಲೆ ಇನ್ನೆರಡು ಅವನ ಕೈ ಸೇರಿದವು. ಸಾಲಪತ್ರದ ಹಿಂಭಾಗದ ಸಣ್ಣಕ್ಷರ ಓದದೆ ಸಹಿ ಹಾಕುವವರನ್ನು ನಾನು ಕೌಂಟರಿನಲ್ಲಿ ಎಷ್ಟೋ ಕಂಡಿದ್ದೇನೆ. ಆದರೆ ಇಷ್ಟು ದುಬಾರಿ ಸಹಿ ಕಂಡಿಲ್ಲ.

ಇಲ್ಲಿಯೂ ಗಮನಿಸಬೇಕಾದ ಒಂದು ಸಂಗತಿ ಇದೆ. ಜಾನ್ಸನ್ ಹಾಗೆ ಬಂದ ಸರದಿಗಳ ಮೇಲೆ ಕಾವು ಕೂರಲಿಲ್ಲ. ವೈಕಿಂಗ್ಸ್‌ನಿಂದ ಬಂದ 21ನೆಯ ಸರದಿಗೆ ಇನ್ನೊಂದನ್ನು ಸೇರಿಸಿ 1990ರಲ್ಲಿ 17ಕ್ಕೆ ಏರಿದ, ಎಮಿಟ್ ಸ್ಮಿತ್‌ನನ್ನು ಆರಿಸಿದ. ಆಟದ ಇತಿಹಾಸದಲ್ಲಿ ಎಲ್ಲರಿಗಿಂತ ಹೆಚ್ಚು ಗಜ ಓಡಿದ ದಾಖಲೆ ಇವನದು. 1992, 1993, 1995ರ ಋತುಗಳಲ್ಲಿ ಡಲ್ಲಾಸ್ ಸೂಪರ್ ಬೌಲ್ ಗೆದ್ದಿತು. ಒಂದನ್ನು ಹತ್ತು ಮಾಡಿಕೊಂಡದ್ದರ ಲಾಭ ಹತ್ತು ಆಟಗಾರರು ಮಾತ್ರವಲ್ಲ. ಬೇಕೆನಿಸಿದಾಗ ಬೇಕಾದವನ ಹತ್ತಿರಕ್ಕೆ ಏರಲು ಕೈಯಲ್ಲಿ ಚಿಲ್ಲರೆ ಇರುತ್ತದೆ.

ಚಿಲ್ಲರೆ ಎಂದೆನಲ್ಲ, ಅದಕ್ಕೊಂದು ದರಪಟ್ಟಿಯೂ ಹುಟ್ಟಿದ್ದು ಡಲ್ಲಾಸ್‌ನಲ್ಲೇ. 1991ರಲ್ಲಿ ಜಾನ್ಸನ್‌ನ ಅನುಕೂಲಕ್ಕೆಂದು ತಂಡದ ಪಾಲುದಾರರಲ್ಲಿ ಒಬ್ಬನಾಗಿದ್ದ ಮೈಕ್ ಮೆಕಾಯ್ ಎಂಬ ಎಂಜಿನಿಯರ್ ಹಿಂದಿನ ಕೆಲವು ವರ್ಷಗಳ ಅದಲುಬದಲುಗಳನ್ನು ನೋಡಿ ಪ್ರತಿ ಸರದಿಗೂ ಒಂದು ಅಂಕ ಕಟ್ಟಿದ. ಮೊದಲನೆಯದಕ್ಕೆ 3000, ಎರಡನೆಯದಕ್ಕೆ 2600, ಹತ್ತನೆಯದಕ್ಕೆ 1300, ಮೊದಲ ಸುತ್ತಿನ ಕೊನೆಗೆ ಬರುವಷ್ಟರಲ್ಲಿ 600ರ ಆಸುಪಾಸು. ತಂಡದಿಂದ ತಂಡಕ್ಕೆ ಕೆಲಸ ಬದಲಿಸಿದವರ ಜೇಬಿನಲ್ಲಿ ಆ ಪಟ್ಟಿ ಊರೂರು ತಿರುಗಿತು, ಎಲ್ಲರಿಗೂ ಅದೇ ಧರ್ಮಶಾಸ್ತ್ರವಾಯಿತು. ಮೆಕಾಯ್ ಅಳೆದದ್ದು ಆಟಗಾರರ ಯೋಗ್ಯತೆಯನ್ನಲ್ಲ, ಜನ ಹಿಂದೆ ಕೊಟ್ಟಿದ್ದ ಬೆಲೆಯನ್ನು. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆ ನೋಡಿ ಆ ಹೊಲದಲ್ಲಿ ರಾಗಿ ಎಷ್ಟು ಬೆಳೆಯುತ್ತದೆ ಎಂದು ಹೇಳಲಾದೀತೇ? ಇದು ಹಾಗೇ.

ಮೇಲೇರುವ ಹುಚ್ಚು ಯಾವ ಮಟ್ಟಕ್ಕೆ ಹೋಗಬಹುದು ಎನ್ನುವುದಕ್ಕೆ 1999ರ ನ್ಯೂ ಆರ್ಲಿಯನ್ಸ್ ಸಾಕು. ತರಬೇತುದಾರ ಮೈಕ್ ಡಿಟ್ಕಾ ಆ ವರ್ಷದ ತನ್ನೆಲ್ಲ ಸರದಿಗಳನ್ನೂ ಮರುವರ್ಷದ ಮೊದಲ ಹಾಗೂ ಮೂರನೆಯ ಸುತ್ತನ್ನೂ ವಾಷಿಂಗ್ಟನ್‌ಗೆ ಕೊಟ್ಟು ರಿಕಿ ವಿಲಿಯಮ್ಸ್ ಎಂಬ ಒಬ್ಬ ಓಟಗಾರನನ್ನು ತಂದ. ಒಂದು ಪತ್ರಿಕೆಯ ಮುಖಪುಟದಲ್ಲಿ ಡಿಟ್ಕಾ ಮದುಮಗನಾಗಿ, ವಿಲಿಯಮ್ಸ್ ಮದುಮಗಳ ಬಿಳಿ ಗೌನು ತೊಟ್ಟು ನಿಂತರು. ಹುಚ್ಚುಮುಂಡೆ ಮದುವೆಯಲ್ಲಿ ಉಂಡವನೇ ಜಾಣ ಎನ್ನುತ್ತೇವಲ್ಲ, ಉಂಡವರು ವಾಷಿಂಗ್ಟನ್‌ನವರು. ನ್ಯೂ ಆರ್ಲಿಯನ್ಸ್ ಆ ವರ್ಷ ಮೂರು ಗೆದ್ದು ಹದಿಮೂರು ಸೋತಿತು, ಡಿಟ್ಕಾ ಕೆಲಸ ಕಳೆದುಕೊಂಡ. ವಿಲಿಯಮ್ಸ್ ಕೆಟ್ಟ ಆಟಗಾರನಾಗಿರಲಿಲ್ಲ ಎಂಬುದನ್ನು ಹೇಳಲೇಬೇಕು. 2002ರಲ್ಲಿ ಮಯಾಮಿಗೆ ಹೋಗಿ ಆ ವರ್ಷ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಓಡಿದ. ಆದರೆ ಹನ್ನೊಂದು ಜನರ ಆಟದಲ್ಲಿ ಒಬ್ಬನನ್ನು ಕೊಂಡು ಹತ್ತು ಜನರನ್ನು ಮರೆತರೆ ಅವನಿಗೆ ಓಡಲು ದಾರಿ ಬಿಡಿಸಿಕೊಡುವವರು ಯಾರು?

ಅರ್ಥಶಾಸ್ತ್ರಜ್ಞರು ಬಂದದ್ದು ಆಮೇಲೆ. ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಡ್ರಾಫ್ಟಿನ ಅಂಕಿಅಂಶಗಳನ್ನೆಲ್ಲ ಕಲೆಹಾಕಿ ಬರೆದ ಪ್ರಬಂಧ 2005ರಲ್ಲಿ ಹೊರಬಂತು, 2013ರಲ್ಲಿ ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಯಿತು. ಥೇಲರ್‌ಗೆ 2017ರಲ್ಲಿ ನೊಬೆಲ್ ಬಂತು, ಅದು ಬೇರೆ ಕೆಲಸಗಳಿಗೂ ಸೇರಿ. ಅವರು ಕಂಡದ್ದು ಇಷ್ಟು. ಒಂದು ಸ್ಥಾನಕ್ಕೆ ಮೊದಲು ಆರಿಸಿದ ಹುಡುಗ ಅದೇ ಸ್ಥಾನಕ್ಕೆ ಅವನ ನಂತರ ಆರಿಸಿದ ಹುಡುಗನಿಗಿಂತ ಉತ್ತಮನಾಗುವ ಸಂಭವ ನೂರಕ್ಕೆ 52. ನಾಣ್ಯ ಚಿಮ್ಮಿದರೆ ಐವತ್ತು ಹೇಗೂ ಬರುತ್ತದೆ. ವರ್ಷವಿಡೀ ಊರೂರು ಸುತ್ತಿ, ಹುಡುಗರ ಎತ್ತರ, ತೂಕ, ಓಟ ಎಲ್ಲ ಅಳೆದು, ಅವರ ಮನೆತನ ವಿಚಾರಿಸಿ (ನಮ್ಮ ಕಡೆ ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರಿಸುವುದಿಲ್ಲ) ಗಳಿಸಿದ ಜ್ಞಾನದ ಬೆಲೆ ಹೆಚ್ಚಿಗೆ ಎರಡು ಅಂಶ! ಜೊತೆಗೆ, ಕೊಡುವ ಸಂಬಳವನ್ನು ಕಳೆದು ನೋಡಿದರೆ ಮೊದಲ ಸರದಿಗಿಂತ ಎರಡನೆಯ ಸುತ್ತಿನ ಹುಡುಗರಿಂದ ತಂಡಕ್ಕೆ ಆಗುವ ಲಾಭವೇ ಜಾಸ್ತಿ. ಅವರ ಸಲಹೆ ಸರಳವಾಗಿತ್ತು: ಇಳಿಯಿರಿ.

ಸಂಬಳದ ಮಾತು ಆಗ ಇನ್ನೂ ನಿಜವಾಗಿತ್ತು. 2010ರಲ್ಲಿ ಮೊದಲು ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್‌ಗೆ ಖಾತರಿಯಾಗಿ ಸಿಕ್ಕಿದ್ದೇ 5 ಕೋಟಿ ಡಾಲರ್. 2011ರ ಹೊಸ ಒಪ್ಪಂದದಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂತು. ಆ ವರ್ಷದ ಮೊದಲಿಗ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಒಟ್ಟು 2.2 ಕೋಟಿ. ಅಂದಿನಿಂದ ಮೊದಲ ಎಲೆಯ ಊಟ ಅಗ್ಗವಾಯಿತು, ಇಳಿಯಿರಿ ಎನ್ನುವವರ ವಾದದ ಒಂದು ಕಾಲು ಕುಂಟಾಯಿತು. ಇನ್ನೊಂದು ಕಾಲು, ಅಂದರೆ ಹುಡುಗ ಮುಂದೆ ಏನಾಗುತ್ತಾನೆಂದು ಯಾರ ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ ಎನ್ನುವುದು, ಹಾಗೇ ಇದೆ.

ಆ ಪ್ರಬಂಧದಲ್ಲಿ ನನ್ನ ವೃತ್ತಿಯವರು ನಿಂತು ನೋಡಬೇಕಾದದ್ದು ಬಡ್ಡಿಯ ಲೆಕ್ಕ. ಈ ವರ್ಷದ ಸರದಿ ಬೇಕೆಂದು ಮುಂದಿನ ವರ್ಷದ್ದನ್ನು ಕೊಡುವವರು ಎಷ್ಟು ಬಡ್ಡಿ ತೆತ್ತಂತಾಗುತ್ತದೆ? ವರ್ಷಕ್ಕೆ ನೂರಕ್ಕೆ 136. ಮೀಟರ್ ಬಡ್ಡಿಯವನೂ ಕಿವಿ ಮುಚ್ಚಿಕೊಳ್ಳಬೇಕು. ನಮ್ಮ ಚೀಟಿ ವ್ಯವಹಾರ ಗೊತ್ತಿದ್ದವರಿಗೆ ಇದು ಹೊಸದಲ್ಲ. ಮಗಳ ಮದುವೆಯೋ ಆಸ್ಪತ್ರೆಯೋ ಎದುರಿಗಿದ್ದವನು ಮೊದಲ ತಿಂಗಳೇ ಹೆಚ್ಚು ಬಿಟ್ಟು ಕೂಗಿ ಚೀಟಿ ಎತ್ತುತ್ತಾನೆ. ಅವಸರವಿಲ್ಲದವನು ಕೊನೆಯ ತನಕ ಕೂತು ಪೂರಾ ಹಣ ಎಣಿಸಿಕೊಳ್ಳುತ್ತಾನೆ. ತಂಡದ ಮ್ಯಾನೇಜರನಿಗೆ ಅವಸರ ಏಕೆಂದರೆ, ಈ ವರ್ಷ ಗೆಲ್ಲದಿದ್ದರೆ ಮುಂದಿನ ವರ್ಷ ಆ ಕುರ್ಚಿಯಲ್ಲಿ ಬೇರೊಬ್ಬ. ತೀರಿಸುವವನು ತಾನಲ್ಲದ ಸಾಲಕ್ಕೆ ಬಡ್ಡಿ ಎಷ್ಟಾದರೇನು?

ಈ ಪಂಡಿತರಿಬ್ಬರ ಜೊತೆ ಕುಳಿತು ಮಾತಾಡಿದ್ದ ತಂಡಗಳಲ್ಲಿ ವಾಷಿಂಗ್ಟನ್ ಒಂದು ಎಂದು ಥೇಲರ್ ಆಮೇಲೆ ಬರೆದಿದ್ದಾರೆ. ಅದೇ ವಾಷಿಂಗ್ಟನ್ 2012ರಲ್ಲಿ 6ರಿಂದ 2ಕ್ಕೆ ಏರಲು ಆ ವರ್ಷದ ಎರಡನೆಯ ಸುತ್ತನ್ನೂ ಮುಂದಿನ ಎರಡು ವರ್ಷಗಳ ಮೊದಲ ಸುತ್ತುಗಳನ್ನೂ ಸೇಂಟ್ ಲೂಯಿಸ್ ರ‍್ಯಾಮ್ಸ್‌ಗೆ ಕೊಟ್ಟಿತು. ಬೇಕಾಗಿದ್ದವನು ಕ್ವಾರ್ಟರ್‌ಬ್ಯಾಕ್ ರಾಬರ್ಟ್ ಗ್ರಿಫಿನ್. ಮೊದಲ ವರ್ಷ ಆ ಹುಡುಗ ಮಿಂಚಿದ. 2013ರ ಜನವರಿಯಲ್ಲಿ ಮೊಣಕಾಲು ಕೊಟ್ಟಿತು. ಆಮೇಲೆ ಅವನು ಮೊದಲಿನಂತಾಗಲೇ ಇಲ್ಲ. ಅದೇ ಡ್ರಾಫ್ಟಿನ ನಾಲ್ಕನೆಯ ಸುತ್ತಿನಲ್ಲಿ ಆರಿಸಿದ್ದ ಕರ್ಕ್ ಕಸಿನ್ಸ್ ಮುಂದೆ ಅವನ ಜಾಗಕ್ಕೆ ಬಂದ. 2014ರ ಡಿಸೆಂಬರಿನಲ್ಲಿ ರ‍್ಯಾಮ್ಸ್ ವಾಷಿಂಗ್ಟನ್‌ಗೆ ಆಡಲು ಹೋದಾಗ ನಾಣ್ಯ ಚಿಮ್ಮುವುದಕ್ಕೆ ನಾಯಕರೆಂದು ಕಳಿಸಿದ್ದು ಆ ವ್ಯಾಪಾರದಲ್ಲಿ ದಕ್ಕಿದ ಹುಡುಗರನ್ನೇ. ಪಂದ್ಯವನ್ನೂ 24–0ಯಿಂದ ಗೆದ್ದರು. ಇಷ್ಟು ಚಂದದ ಹಂಗಿಸುವಿಕೆ ಅಪರೂಪ. ಆದರೆ ಹಂಗಿಸಿದವರ ಮನೆಯ ಕಥೆಯನ್ನೂ ನೋಡಬೇಕು: 2012ರಿಂದ 2015ರವರೆಗೆ ನಾಲ್ಕು ಋತುಗಳಲ್ಲಿ ಒಮ್ಮೆಯೂ ರ‍್ಯಾಮ್ಸ್ ಸೋತದ್ದಕ್ಕಿಂತ ಹೆಚ್ಚು ಗೆಲ್ಲಲಿಲ್ಲ. ಬುಟ್ಟಿ ತುಂಬ ಹುಡುಗರಿದ್ದರು, ಚೆಂಡು ಎಸೆಯುವವನಿರಲಿಲ್ಲ.

ಕ್ಲೀವ್‌ಲ್ಯಾಂಡ್ ಇದನ್ನು ಇನ್ನೂ ದೂರ ಒಯ್ದಿತು. 2016ರಲ್ಲಿ 2ರಿಂದ 8ಕ್ಕೆ, 8ರಿಂದ 15ಕ್ಕೆ ಇಳಿದು ಸರದಿಗಳ ರಾಶಿ ಹಾಕಿತು. ಮರುವರ್ಷ 12ರಿಂದ 25ಕ್ಕೆ. ಪುಸ್ತಕದಲ್ಲಿ ಎಲ್ಲ ಸರಿ. ಮೈದಾನದಲ್ಲಿ 2016ರಲ್ಲಿ ಒಂದು ಗೆಲುವು ಹದಿನೈದು ಸೋಲು, 2017ರಲ್ಲಿ ಹದಿನಾರಕ್ಕೆ ಹದಿನಾರೂ ಸೋಲು. 2018ರ ಜನವರಿಯ ಕೊರೆಯುವ ಚಳಿಯಲ್ಲಿ ಊರಿನ ಜನ ಕ್ರೀಡಾಂಗಣದ ಸುತ್ತ ಅಣಕು ಮೆರವಣಿಗೆ ಮಾಡಿದರು. ಅಷ್ಟರಲ್ಲಿ ಆ ಸರದಿಗಳನ್ನು ಕೂಡಿಟ್ಟ ಅಧಿಕಾರಿಯ ಕೆಲಸವೂ ಹೋಗಿತ್ತು. ಠೇವಣಿ ಇಟ್ಟವನೊಬ್ಬ, ಪಕ್ವವಾದಾಗ ತೆಗೆದುಕೊಳ್ಳುವವನು ಇನ್ನೊಬ್ಬ.

ಆ ಹುಡುಗರ ಕಡೆಯಿಂದ ಯಾರೂ ಈ ಲೆಕ್ಕ ಹಾಕುವುದಿಲ್ಲ. ಇಪ್ಪತ್ತೊಂದು ಇಪ್ಪತ್ತೆರಡು ವಯಸ್ಸು, ಹೊಸ ಸೂಟು, ಪಕ್ಕದಲ್ಲಿ ತಾಯಿ. ಫೋನು ಬರುತ್ತದೆ, ನಿನ್ನ ಊರು ಇಂಥದು ಎನ್ನುತ್ತಾರೆ. ಯಾರೋ ಹಿಂದೆ ಸರಿದದ್ದರಿಂದ ಅವನ ಊರು ಸಮುದ್ರ ತೀರದಿಂದ ಹಿಮದ ಸೀಮೆಗೆ ಬದಲಾಗಿರುತ್ತದೆ; ಅವನಿಗದು ತಿಳಿಯುವುದೂ ಇಲ್ಲ. ಒಲ್ಲೆ ಎಂದು ಗೆದ್ದವರು ಬೆರಳೆಣಿಕೆ. 1983ರಲ್ಲಿ ಜಾನ್ ಎಲ್ವೇ ಬಾಲ್ಟಿಮೋರ್‌ಗೆ ಹೋಗಲೊಲ್ಲೆನೆಂದು ಡೆನ್ವರ್ ಸೇರಿದ. 2004ರಲ್ಲಿ ಈಲೈ ಮ್ಯಾನಿಂಗ್ ಸ್ಯಾನ್ ಡಿಯಾಗೊ ಬೇಡವೆಂದ. ಅವರು ಅವನನ್ನು ಮೊದಲು ಆರಿಸಿ ಅದೇ ದಿನ ನ್ಯೂಯಾರ್ಕ್‌ಗೆ ಕೊಟ್ಟು, ಬದಲಿಗೆ ಫಿಲಿಪ್ ರಿವರ್ಸ್‌ನನ್ನೂ ಕೆಲವು ಸರದಿಗಳನ್ನೂ ಪಡೆದರು. ಪಟ್ಟಿಯ ಪ್ರಕಾರ ಸ್ಯಾನ್ ಡಿಯಾಗೊಗೆ ನಷ್ಟವಿಲ್ಲ, ರಿವರ್ಸ್ ವರ್ಷಗಟ್ಟಲೆ ಅದ್ಭುತವಾಗಿ ಆಡಿದ. ಸೂಪರ್ ಬೌಲ್ ಎರಡು ಸಲ ಗೆದ್ದವನು ಮಾತ್ರ ಮ್ಯಾನಿಂಗ್.

ಇಷ್ಟೆಲ್ಲ ನನಗೆ ಹೇಗೆ ಗೊತ್ತು ಎಂದರೆ, ನನ್ನ ತಮ್ಮನ ಮಗ ಬಫಲೊ ಊರಿನಲ್ಲಿದ್ದಾನೆ. ನಯಾಗರ ಜಲಪಾತದ ಪಕ್ಕದ, ಹಿಮ ಬಿದ್ದರೆ ಬಾಗಿಲು ತೆರೆಯಲಾಗದ ಊರು. ಅಲ್ಲಿನ ಬಿಲ್ಸ್ ತಂಡ 1991ರಿಂದ 1994ರವರೆಗೆ ನಾಲ್ಕು ವರ್ಷ ಸತತವಾಗಿ ಸೂಪರ್ ಬೌಲ್‌ಗೆ ಹೋಗಿ ನಾಲ್ಕನ್ನೂ ಸೋತದ್ದು. ಗೆದ್ದದ್ದು ಇಂದಿನವರೆಗೆ ಒಂದೂ ಇಲ್ಲ. 2017ರ ಏಪ್ರಿಲ್ 27ರ ರಾತ್ರಿ ನಾನು ಅವನ ಮನೆಯಲ್ಲಿದ್ದೆ. ಆಗ ಆ ತಂಡ ಹದಿನೇಳು ಋತುಗಳಿಂದ ಲೀಗ್ ಹಂತವನ್ನೇ ದಾಟಿರಲಿಲ್ಲ. ಟೀವಿಯಲ್ಲಿ ಫಿಲಡೆಲ್ಫಿಯಾದ ಮ್ಯೂಸಿಯಂ ಮೆಟ್ಟಿಲ ಮೇಲೆ ಕಲಾಪ ನಡೆದಿತ್ತು. ಹತ್ತನೆಯ ಸರದಿ ಬಿಲ್ಸ್‌ನದು. ಅದನ್ನವರು ಕಾನ್ಸಾಸ್ ಸಿಟಿಗೆ ಕೊಟ್ಟು 27, 91 ಹಾಗೂ ಮುಂದಿನ ವರ್ಷದ ಮೊದಲ ಸುತ್ತು ಪಡೆದರು. “ದೊಡ್ಡಪ್ಪ, ಒಂದಕ್ಕೆ ಮೂರು!” ಎಂದು ಹುಡುಗ ಸೋಫಾದಿಂದ ಎದ್ದೇಬಿಟ್ಟ. ನಾನು ಮೆಕಾಯ್ ಪಟ್ಟಿ ತರಿಸಿಕೊಂಡು ಕೂಡಿದೆ. 27ಕ್ಕೆ 680, 91ಕ್ಕೆ 136, ಒಟ್ಟು 816. ಕೊಟ್ಟದ್ದು 1300ರದು. ಉಳಿದ 484ಕ್ಕೆ ಸಮವಾಗಿ ಮುಂದಿನ ವರ್ಷದ ಇಡೀ ಮೊದಲ ಸುತ್ತು. ಈ ವರ್ಷದ ಎರಡನೆಯ ಸುತ್ತಿನ ಬೆಲೆಗೆ ಬರುವ ವರ್ಷದ ಮೊದಲನೆಯದು. ಚೀಟಿ ಕೊನೆಗೆ ಎತ್ತುವವನ ಲಾಭ. ವ್ಯವಹಾರ ಸರಿಯಾಗಿದೆ ಎಂದೆ. ಇವತ್ತು ಕೇಳಿದರೂ ವ್ಯವಹಾರ ಸರಿಯಾಗಿತ್ತು ಎಂದೇ ಹೇಳುತ್ತೇನೆ.

ಕಾನ್ಸಾಸ್ ಸಿಟಿ ಅಲ್ಲಿ ಆರಿಸಿದ್ದು ಪ್ಯಾಟ್ರಿಕ್ ಮಹೋಮ್ಸ್‌ನನ್ನು. ಅವನು 2020, 2023, 2024ರಲ್ಲಿ ಸೂಪರ್ ಬೌಲ್ ಗೆದ್ದ. ಅದಕ್ಕಿಂತ ಬಫಲೊಗೆ ಚುಚ್ಚುವುದೆಂದರೆ, 2021, 2022, 2024, 2025ರ ಜನವರಿಗಳಲ್ಲಿ ನಾಲ್ಕು ಸಲ ಬಿಲ್ಸ್ ತಂಡವನ್ನು ನಾಕೌಟ್ ಹಂತದಲ್ಲಿ ಮನೆಗೆ ಕಳಿಸಿದವನು ಅವನೇ. 2022ರಲ್ಲಂತೂ ಹದಿಮೂರು ಸೆಕೆಂಡ್ ಉಳಿದಿರುವಾಗ ಬಿಲ್ಸ್ ಮುಂದಿತ್ತು. ಆ ಹದಿಮೂರು ಸೆಕೆಂಡಿನಲ್ಲಿ ಮಹೋಮ್ಸ್ ಸಮ ಮಾಡಿಸಿದ, ಹೆಚ್ಚುವರಿ ಸಮಯದಲ್ಲಿ ಗೆದ್ದ. ಮರುದಿನ ಹುಡುಗ ಫೋನು ಮಾಡಿ ಹವೆಯ ಬಗ್ಗೆ, ಅಡಿಕೆ ರೇಟಿನ ಬಗ್ಗೆ ಮಾತಾಡಿದ. ಆಟದ ಸುದ್ದಿ ಇಬ್ಬರೂ ಎತ್ತಲಿಲ್ಲ.

ಹಾಗಾದರೆ ಇಳಿಯಬೇಕೋ ಬೇಡವೋ? ನನ್ನನ್ನು ಕೇಳಿದರೆ, ಮನೆಯಲ್ಲಿ ನಂಬಬಹುದಾದ ಕ್ವಾರ್ಟರ್‌ಬ್ಯಾಕ್ ಇರುವ ತಂಡ ಗಿರಾಕಿ ಬಂದಾಗಲೆಲ್ಲ ಇಳಿಯಬೇಕು. ಉಳಿದ ಸ್ಥಾನಗಳಲ್ಲಿ ಇಬ್ಬರು ಒಳ್ಳೆಯವರು ಒಬ್ಬ ಬಹಳ ಒಳ್ಳೆಯವನಿಗೆ ಸಮವಾದಾರು. ಕ್ವಾರ್ಟರ್‌ಬ್ಯಾಕ್ ಜಾಗದಲ್ಲಿ ಮಾತ್ರ ಕೂಡುವ ಲೆಕ್ಕ ನಡೆಯುವುದಿಲ್ಲ; ಅರ್ಧರ್ಧ ಇಬ್ಬರನ್ನು ತಂದರೆ ಒಬ್ಬನಾಗುವುದಿಲ್ಲ, ಆಡುವವನೂ ಒಬ್ಬನೇ. ಹಾಗೆಂದು ಆ ಜಾಗ ಖಾಲಿಯಿರುವವರು ಮನೆಮಠ ಮಾರಿ ಮೇಲೇರಬೇಕೆಂದೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೊ 2021ರಲ್ಲಿ ಇನ್ನೆರಡು ವರ್ಷಗಳ ಮೊದಲ ಸುತ್ತುಗಳನ್ನು ತೆತ್ತು 12ರಿಂದ 3ಕ್ಕೆ ಏರಿ ಟ್ರೇ ಲ್ಯಾನ್ಸ್‌ನನ್ನು ತಂದಿತು. ಎರಡೇ ವರ್ಷದಲ್ಲಿ ಒಂದು ನಾಲ್ಕನೆಯ ಸುತ್ತಿಗೆ ಅವನನ್ನು ಸಾಗಹಾಕಿತು. ಆ ತಂಡವನ್ನು 2024ರ ಸೂಪರ್ ಬೌಲ್‌ವರೆಗೆ ಒಯ್ದವನು 2022ರ ಡ್ರಾಫ್ಟಿನ 262ನೆಯ, ಅಂದರೆ ಕಟ್ಟಕಡೆಯ ಆಯ್ಕೆ, ಬ್ರಾಕ್ ಪರ್ಡಿ.

ಬಫಲೊ ಸುಮ್ಮನೆ ಕೂರಲಿಲ್ಲ. 2018ರಲ್ಲಿ ಎರಡನೆಯ ಸುತ್ತಿನ ಎರಡು ಸರದಿಗಳನ್ನು ಸೇರಿಸಿ ಕೊಟ್ಟು 12ರಿಂದ 7ಕ್ಕೆ ಏರಿತು, ಜಾಷ್ ಆಲನ್‌ನನ್ನು ಆರಿಸಿತು. ಅವನು 2024ರ ಋತುವಿನಲ್ಲಿ ಇಡೀ ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡ. 2017ರಲ್ಲಿ ಇಳಿಯದಿದ್ದರೆ ಅವರು ಮಹೋಮ್ಸ್‌ನನ್ನೇ ಆರಿಸುತ್ತಿದ್ದರು ಎನ್ನಲು ಆಧಾರವೂ ಇಲ್ಲ. ಆ ರಾತ್ರಿಯ 27ರಲ್ಲಿ ಬಂದವನು ಟ್ರೆಡೇವಿಯಸ್ ವೈಟ್, ಎದುರಾಳಿ ಹಿಡಿಯುವ ಚೆಂಡನ್ನು ತಪ್ಪಿಸುವ ಕಾವಲಿನವನು. 2019ರಲ್ಲಿ ಆ ಸ್ಥಾನದ ದೇಶದ ಶ್ರೇಷ್ಠರಲ್ಲಿ ಒಬ್ಬನೆಂದು ಹೆಸರು ಬಂತು. ಮುಂದಿನ ವರ್ಷದ ಸರದಿ 22ನೆಯದಾಗಿ ಬಂದು, ಮತ್ತೆ ಮೇಲೇರುವುದಕ್ಕೆ ಖರ್ಚಾಗಿ, ಟ್ರೆಮೇನ್ ಎಡ್ಮಂಡ್ಸ್ ಎಂಬ ರಕ್ಷಕನಾಯಿತು. ಐದು ವರ್ಷ ಆಡಿ ಅವನು ಚಿಕಾಗೊಗೆ ಹೊರಟುಹೋದ. ಆ ಹದಿಮೂರು ಸೆಕೆಂಡುಗಳ ಸಂಜೆ ಕಾನ್ಸಾಸ್ ಸಿಟಿಯವರ ಎಸೆತಗಳನ್ನು ತಡೆಯಬೇಕಾಗಿದ್ದ ವೈಟ್ ಮೈದಾನದಲ್ಲಿರಲಿಲ್ಲ. ಎರಡು ತಿಂಗಳ ಹಿಂದೆ ಅವನ ಮೊಣಕಾಲಿಗೆ ಪೆಟ್ಟಾಗಿತ್ತು.